ಹತ್ತು ರೆಕ್ಕೆಬಡಿತದ ಶಾಲೆ

ಕಾಡಿನ ಮಕ್ಕಳಿಗೆ ಒಂದನೇ ತರಗತಿಯ ಸೀಟು ಹಂಚುವ ಅಧಿಕಾರ ಹದ್ದಿನದು. ಅದು ಆಮೆಯ ಮಗಳಿಗೆ ಕಣಿವೆಯಾಚೆಯ ಶಾಲೆಯನ್ನೂ, ಗಿಳಿಮರಿಗೆ ಆಮೆಯ ಮನೆ ಪಕ್ಕದ ಆಲದಮರದ ಶಾಲೆಯನ್ನೂ ಕೊಟ್ಟಿತು. ತಾಯಿ ಆಮೆ ಮೇಲ್ಮನವಿ ಹಿಡಿದು ಬಂದಿತು.

"ಸ್ವಾಮಿ, ಆ ಶಾಲೆ ನಮಗೆ ಬಲು ದೂರ."

"ದೂರವೇ? ನಾನೇ ಅಳೆದಿದ್ದೇನೆ. ಹತ್ತು ಸಲ ರೆಕ್ಕೆ ಬಡಿದರೆ ಶಾಲೆ ಸಿಗುತ್ತದೆ."

"ಹಾಗಾದರೆ ನಾಳೆ ತಾವೇ ನನ್ನ ಮಗಳನ್ನು ಬಿಟ್ಟು ಬನ್ನಿ. ಆದರೆ ಅವಳ ಜೊತೆ ನಡೆದೇ ಹೋಗಬೇಕು."

ಹದ್ದು ಒಪ್ಪಿತು. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಕಲ್ಲುದಾರಿಯಲ್ಲಿ ಹದ್ದಿನ ಉಗುರು ಸವೆಯಿತು, ಬಿಸಿಲಿಗೆ ನೆತ್ತಿ ಸುಟ್ಟಿತು. ಕಣಿವೆಯ ತಳ ಮುಟ್ಟುವಷ್ಟರಲ್ಲಿ ಆಚೆಯಿಂದ ಶಾಲೆ ಬಿಟ್ಟ ಗಂಟೆ ಕೇಳಿಸಿತು.

"ಮಾಮಾ, ನಾಳೆ ಸ್ವಲ್ಪ ಬೇಗ ಹೊರಡೋಣವೇ?" ಎಂದು ಆಮೆಮರಿ ಕೇಳಿತು.

ಹದ್ದಿಗೆ ತನ್ನ ಮೇಲೇ ನಗು ಬಂತು. ಮರಿಯನ್ನು ಬೆನ್ನಿಗೇರಿಸಿಕೊಂಡು ಹಾರಿ, ಆಲದಮರದ ಕೆಳಗೆ ಇಳಿಸಿ, "ಇದೇ ನಿನ್ನ ಶಾಲೆ" ಎಂದಿತು. ಕಣಿವೆಯಾಚೆಯ ಸೀಟು ತನಗೆ ಬಂದದ್ದು ತಿಳಿದು ಗಿಳಿಮರಿಯೂ ಕುಣಿಯಿತು. ಅದಕ್ಕೆ ದಿನವೂ ಅಷ್ಟು ದೂರ ಹಾರುವ ಆಸೆ.

ಸುದ್ದಿ ಕೇಳಿದ ತಾಯಿ ಓಡಿ ಬಂದಿತು. ಆಮೆ ಓಡಿದ್ದನ್ನು ಕಾಡು ಅಂದೇ ಮೊದಲು ಕಂಡಿತು.