ಅನುಮಾನದ ಅರಸನೂ ಲೆಕ್ಕದ ಗಿಳಿಯೂ

"ಹೆಬ್ಬಂಡೆಪುರದ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳಿ. ಅರಮನೆಯಲ್ಲಿ ಮೋಸ ನಡೆದಿದೆ. ಅರಸರು ಮೂರು ಒಗಟು ಇಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ನಾಡಿನ ಶಾಲೆಗಳ ಯಜಮಾನಿಕೆ. ತಪ್ಪಿದವರಿಗೆ ಗಲ್ಲು. ಯಾರೂ ಬಿಡಿಸದಿದ್ದರೆ ಗಿಳಿ ಮಾಡಿದವನಿಗೆ ಗಲ್ಲು."

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಸರಿಯಾಗಿ ಸಾರಿದನೋ ಇಲ್ಲವೋ ನೋಡಲು ಒಬ್ಬ ಬೇಹುಗಾರ ಅವನ ಬೆನ್ನಿಗೇ ಹೋದ. ಅರಸ ಕೆಂಚರಸನ ಬುದ್ಧಿಯೇ ಹಾಗೆ. ಹಗ್ಗ ಕಂಡು ಹಾವು ಎನ್ನುವವರನ್ನು ನೀವು ನೋಡಿದ್ದೀರಿ. ಇವನು ಆ ಹಾವನ್ನು ಯಾರು ಕಳಿಸಿದರು ಎಂದು ವಿಚಾರಿಸುವವನು.

ಗಿಳಿಯ ಸಂಗತಿ ಹೀಗೆ. ಕರಿಬಸವ ಎಂಬ ಬಡ ಹುಡುಗ, ಮಕ್ಕಳು ಆಡುತ್ತಾ ಆಡುತ್ತಾ ಹೇಗೆ ಕಲಿಯುತ್ತಾರೆ ಎಂಬುದನ್ನೇ ತನ್ನ ವಿದ್ಯೆ ಮಾಡಿಕೊಂಡಿದ್ದ. ಬೀದಿಯಲ್ಲಿ ಕೂತು ಮಕ್ಕಳ ಆಟ ನೋಡುತ್ತಿದ್ದ ಅವನನ್ನು ಊರವರು 'ಗೋಲಿ ಪಂಡಿತ' ಎಂದು ಆಡಿಕೊಳ್ಳುತ್ತಿದ್ದರು. ಅವನೊಂದು ಮರದ ಗಿಳಿಯ ಯಂತ್ರ ಮಾಡಿದ. ಎರಡು ಅಂಕಿಗಳ ದಾರ ಎಳೆದು, ಗುಣಿಸಿದರೆ ಬರುವ ಸಂಖ್ಯೆಯ ಬಿಲ್ಲೆಯನ್ನು ಒತ್ತಿದರೆ ಗಿಳಿ ಪಟಪಟನೆ ರೆಕ್ಕೆ ಬಡಿಯುತ್ತಿತ್ತು. ರಾಜಕುಮಾರಿ ಚೆಲುವಾಂಬೆ ಒಮ್ಮೆಯೂ ತಪ್ಪಲಿಲ್ಲ. ಅರಸ ಉಬ್ಬಿಹೋದ. ಪರನಾಡಿನ ಅತಿಥಿಗಳ ಮುಂದೆ, ಗಿಳಿಯಿಲ್ಲದೆ, "ಏಳೆಂಟ್ಲ ಎಷ್ಟು ಮಗಳೇ?" ಎಂದು ಕೇಳಿದ. ಮಗು ಮಿಕಿಮಿಕಿ ನೋಡಿತು. ಅತಿಥಿಗಳು ಮೀಸೆಯೊಳಗೇ ನಕ್ಕರು. ಕರಿಬಸವ ಅಂದೇ ಸೆರೆಮನೆ ಸೇರಿದ.

ಯಜಮಾನಿಕೆಯ ಆಸೆಗೆ ಮೊದಲು ಬಂದವನು ಆಸ್ಥಾನ ಪಂಡಿತ ನಾಗಬೊಮ್ಮ.

ಅರಸ ಕೇಳಿದ: "ಇಬ್ಬರು ಎದುರುಬದುರು ಕೂತರು. ಗೆದ್ದವನು ಬಂದ ಹಾಗೇ ಹೋದ, ಸೋತವನು ಗಂಟು ಹೊತ್ತು ಹೋದ. ಯಾರವರು?"

"ಚಕ್ರವರ್ತಿ ಮತ್ತು ಕಪ್ಪ ತರುವ ಸಾಮಂತ, ಪ್ರಭು."

"ಕಪ್ಪದ ಗಂಟು ಸಾಮಂತನ ಬಳಿಯೇ ಉಳಿಯಿತೆ? ನಿನ್ನ ಬಾಯಲ್ಲಿ ಇದನ್ನು ಹೇಳಿಸಿದ ಸಾಮಂತ ಯಾರು?"

ಗಲ್ಲಿನ ದಿನದವರೆಗೆಂದು ಪಂಡಿತನೂ ಸೆರೆ ಸೇರಿದ. ಆಮೇಲೆ ಮಂತ್ರಿಯ ಅಳಿಯ ಬಂದ. ಮೊದಲ ಒಗಟನ್ನು ಯಾರಾದರೂ ಹೇಳಿಕೊಟ್ಟಿರಬಹುದೆಂದು ಅರಸ ಅವನಿಗೆ ಎರಡನೆಯದನ್ನೇ ಕೇಳಿದ: "ಒಬ್ಬ ಗುರು ಬೈಯುವುದಿಲ್ಲ, ದಣಿಯುವುದಿಲ್ಲ. ಸರಿ ಹೇಳಿದರೆ ಮೆಚ್ಚುತ್ತಾನೆ. ಶಿಷ್ಯ ಅತ್ತರೂ ಅವನಿಗೆ ಕಾಣುವುದಿಲ್ಲ. ಯಾರು?"

"ಇನ್ನಾರು ಪ್ರಭು, ತಾವೇ," ಎಂದು ಅಳಿಯ ಕೈಮುಗಿದ.

"ಅತ್ತರೂ ಕಾಣದವನು ನಾನೇ?" ಎಂದ ಅರಸ. ಅಳಿಯನೂ ಒಳಗೆ ಹೋದ. ಮತ್ತೆ ಯಾರೂ ಆ ಕಡೆ ಸುಳಿಯಲಿಲ್ಲ. ಗಲ್ಲಿನ ಕಂಬ ನೆಟ್ಟಾಗಿತ್ತು. ಕರಿಬಸವನನ್ನು ಕೋಳ ಹಾಕಿಯೇ ಕರೆತಂದರು. ಅರಸ ಅವನಿಗೆ ಮೊದಲ ಎರಡು ಒಗಟನ್ನೂ ಕೇಳಿದ.

"ಮೊದಲನೆಯದು ಆಟಕ್ಕೆ ಕೂತ ಮಕ್ಕಳು, ಪ್ರಭು," ಎಂದ ಅವನು. "ಗೆದ್ದವನಿಗೆ ಗೊತ್ತಿದ್ದದ್ದು ಮೊದಲೇ ಗೊತ್ತಿತ್ತು. ಸೋತವನು ಹೊಸದೊಂದು ಉಪಾಯ ಕಲಿತು ಮನೆಗೆ ಹೋದ. ಎರಡನೆಯದು ನನ್ನ ಗಿಳಿ."

ಅರಸ ಕಣ್ಣು ಕಿರಿದು ಮಾಡಿದ. ಮೂರನೆಯದಕ್ಕೆ ಉತ್ತರ ಅರಸನಿಗೇ ಗೊತ್ತಿರಲಿಲ್ಲ, ಆದರೂ ಕೇಳಿದ: "ದಿನವೂ ಕೊಟ್ಟರು, ದಿನವೂ ಚೀಲ ತುಂಬಿದಂತೆ ಕಂಡಿತು. ಕೊಡುವವರು ಪಕ್ಕಕ್ಕೆ ಸರಿದರೆ ಚೀಲ ಖಾಲಿ. ನಡುವೆ ಕದ್ದವರು ಯಾರು?"

ಕರಿಬಸವ ಗಿಳಿಯನ್ನೂ ರಾಜಕುಮಾರಿಯನ್ನೂ ಕರೆಸಬೇಕೆಂದು ಬೇಡಿಕೊಂಡ. ಹುಡುಗಿ ಆಡಿದಳು, ಒಂದೂ ತಪ್ಪಲಿಲ್ಲ. ಅವಳು ಬಿಲ್ಲೆಗಳನ್ನು ಮೆಲ್ಲನೆ ಸವರಿ, ತಲೆ ವಾಲಿಸಿ, ಆಮೇಲೆ ಒತ್ತುವುದನ್ನು ಅವನು ನೋಡಿದ. "ಈಗ ನಗಾರಿ ಬಾರಿಸುತ್ತಿರಲಿ," ಎಂದ. ನಗಾರಿಯ ಸದ್ದಿನಲ್ಲಿ ಒಂದೂ ಸರಿಯಾಗಲಿಲ್ಲ.

ಕರಿಬಸವನಿಗೆ ಅರ್ಥವಾಯಿತು. ಅರಸನ ಮಗಳನ್ನು ಅರಸನ ಎದುರಿಗೇ ಕಳ್ಳಿ ಎನ್ನಬೇಕು. ಸುಳ್ಳು ಹೇಳಿದರೂ ಕಂಬ ಅಲ್ಲೇ ಇತ್ತು.

"ಕದ್ದವರು ರಾಜಕುಮಾರಿಯವರೇ, ಪ್ರಭು."

ಕಾವಲುಗಾರರ ಕತ್ತಿಗಳು ಹೊರಬಂದವು. ಕರಿಬಸವ ಹೆದರಿಕೊಂಡೇ ಮುಂದುವರಿಸಿದ: "ಕೊಡುವವನು ಗಿಳಿ, ಚೀಲ ಮಗುವಿನ ತಲೆ. ಸರಿಯಾದ ಬಿಲ್ಲೆಯನ್ನು ಸವರಿದರೆ ಒಳಗಿನ ದಾರ ಕಿರ್ ಎನ್ನುತ್ತದೆ. ಮಾಡಿದ ನನ್ನ ಕಿವಿಗೇ ಅದು ಬಿದ್ದಿರಲಿಲ್ಲ. ನಾನು ಲೆಕ್ಕದ ಒಗಟು ಇಟ್ಟೆ, ಅವರು ಗಿಳಿಯ ಒಗಟು ಬಿಡಿಸಿದರು. ಗಿಳಿ ರೆಕ್ಕೆ ಬಡಿದ ಮಾತ್ರಕ್ಕೆ ಮಗು ಲೆಕ್ಕ ಕಲಿತಿದೆ ಎಂದುಕೊಂಡದ್ದು ನನ್ನ ತಪ್ಪು."

ಅರಸ ಮಗಳ ಕಡೆ ತಿರುಗಿದ. "ಇದನ್ನು ನಿನಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಅಪ್ಪಾಜಿ. ನನಗೇ ಗೊತ್ತಾಯ್ತು."

"ಮತ್ತೆ ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ಯಾರು ಹೇಳಿಕೊಟ್ಟರು ಅಂತ ಕೇಳ್ತೀರಲ್ಲ, ಅದಕ್ಕೆ."

ಅರಸ ತಾನೇ ಸಿಂಹಾಸನದಿಂದ ಇಳಿದು ಬಂದು ಕರಿಬಸವನ ಕೋಳ ಬಿಚ್ಚಿದ, ಶಾಲೆಗಳ ಯಜಮಾನಿಕೆಯನ್ನು ಕೊಟ್ಟ. ಕರಿಬಸವ ಇನ್ನೆರಡು ಕೇಳಿಕೊಂಡ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಬೇಕು. ತಾನು ಮಾಡುವ ಪ್ರತಿಯೊಂದು ಹೊಸ ಆಟಿಕೆಯನ್ನೂ ಶಾಲೆಗೆ ಕೊಡುವ ಮೊದಲು ರಾಜಕುಮಾರಿ ಆಡಿ, ಎಲ್ಲಿ ಕದಿಯಬಹುದೆಂದು ತೋರಿಸಬೇಕು. ಅರಸ ಎರಡಕ್ಕೂ ಒಪ್ಪಿದ.

ಮಗ್ಗಿಯನ್ನು ಚೆಲುವಾಂಬೆ ಆಮೇಲೆ ಅಪ್ಪನ ಪಕ್ಕದಲ್ಲಿ ಕೂತೇ ಕಲಿತಳು. ಅವಳು ತಡವರಿಸಿದಾಗಲೆಲ್ಲ ಅರಸನ ಹುಬ್ಬು ಮೇಲೇರುತ್ತಿತ್ತು. ಆದರೂ ಯಾರನ್ನೂ ಸೆರೆಗೆ ಹಾಕದೆ, ಅವಳು ಹೇಳುವವರೆಗೆ ಕಾಯುತ್ತಿದ್ದ.