ಏಳನೇ ಮರದ ಐದನೇ ಸದ್ದು

ಒಂದು ಕುರುಚಲು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿಯೂ ಚಿಗುರ ಎಂಬ ಮೊಲವೂ ಅಕ್ಕಪಕ್ಕದ ಬಿಲಗಳಲ್ಲಿ ವಾಸವಾಗಿದ್ದರು.

ಮಕ್ಕಳೇ, ಆ ಕಾಡಿನವರಿಗೆ ಬಿಲ್ಲೆಯಾಟ ಎಂದರೆ ಪ್ರಾಣ. ಮತ್ತಿ ಮರದ ತೊಗಟೆಯನ್ನು ಬಂಡೆಗೆ ಉಜ್ಜಿ ದುಂಡಗೆ, ಚಪ್ಪಟೆಯಾಗಿ ಮಾಡಿದರೆ ಅದೇ ಬಿಲ್ಲೆ. ಒಂಬತ್ತು ಮರಗಳಿಗೆ ಒಂಬತ್ತು ಬಳ್ಳಿಯ ಬುಟ್ಟಿಗಳನ್ನು ಕಟ್ಟಿದ್ದರು. ದೂರದ ಕಲ್ಲಿನ ಮೇಲೆ ನಿಂತು ಬಿಲ್ಲೆ ಎಸೆಯಬೇಕು. ಅದು ಬುಟ್ಟಿಯೊಳಗೆ ಸೇರುವವರೆಗೆ, ಬಿದ್ದಲ್ಲಿಗೆ ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಹೀಗೆ ಒಂಬತ್ತು ಬುಟ್ಟಿಗಳನ್ನೂ ಮುಗಿಸುವಾಗ ಯಾರ ಎಸೆತ ಎಲ್ಲರಿಗಿಂತ ಕಡಿಮೆಯೋ ಅವರೇ ಗೆದ್ದಂತೆ. ತಮ್ಮ ತಮ್ಮ ಎಸೆತವನ್ನು ತಾವೇ ಎಣಿಸಿ ಹೇಳುವುದು ಅಲ್ಲಿನ ವಾಡಿಕೆ. ಜೊತೆಗಾರರು ಅದನ್ನು ಎಲೆಯ ಮೇಲೆ ಗೀರುತ್ತಿದ್ದರು.

ಆ ವರ್ಷ ಮುತ್ತುಗ ಹೂಬಿಟ್ಟಾಗ ನಡೆದ ಪಂದ್ಯದಲ್ಲಿ ಸೂಜವ್ವ ಮತ್ತು ಚಿಗುರ ಜೊತೆಗಾರರಾದರು. ಆರು ಮರ ಮುಗಿಯುವಾಗ ಇಬ್ಬರೂ ಸಮಸಮ.

ಏಳನೇ ಮರದ ಮುಂದೆ ದಟ್ಟವಾದ ಪೊದೆ. ಸೂಜವ್ವ ನಾಲ್ಕು ಎಸೆತದಲ್ಲಿ ಮುಗಿಸಿ ಈಚೆಗೆ ಬಂದು ನಿಂತಳು. ಚಿಗುರನ ಬಿಲ್ಲೆ ಪೊದೆಯ ಆಚೆ ಬಿತ್ತು. ಅವನು ಅದರ ಹಿಂದೆಯೇ ಓಡಿದ. ಸೂಜವ್ವನಿಗೆ ಅವನು ಕಾಣುತ್ತಿರಲಿಲ್ಲ. ಅವಳ ಕಣ್ಣು ಅಷ್ಟಕ್ಕಷ್ಟೇ, ಆದರೆ ಕಿವಿ ಬಹಳ ಚುರುಕು. ಬಿಲ್ಲೆ ಬಂಡೆಗೋ ಮರಕ್ಕೋ ಬಡಿದಾಗಲೆಲ್ಲ 'ಟಕ್' ಎಂದು ಕೇಳಿಸುತ್ತಿತ್ತು. ಅವಳು ಎಣಿಸಿದಳು. ಐದು ಸಲ.

ಚಿಗುರ ಪೊದೆಯಿಂದ ಹೊರಗೆ ಬಂದು, "ನನ್ನದೂ ನಾಲ್ಕು, ಸೂಜಕ್ಕ" ಎಂದ.

ಸೂಜವ್ವ ಒಂದು ಕ್ಷಣ ಅವನ ಮುಖ ನೋಡಿದಳು. 'ಐದಲ್ಲವಾ?' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೇಳಿದರೆ ಜಗಳವಾದೀತು ಅನ್ನಿಸಿತು. ಗೆಲ್ಲುವ ಆಸೆಗೆ ಹೀಗೆ ಹೇಳುತ್ತಾಳೆ ಎಂದು ಅವನು ತಿಳಿದುಕೊಂಡರೆ? ಅವಳು ಸುಮ್ಮನೆ ಎಲೆಯ ಮೇಲೆ ನಾಲ್ಕು ಗೀರು ಎಳೆದಳು.

ಎಂಟನೇ ಮರದಲ್ಲೂ ಸಮ. ಒಂಬತ್ತನೆಯದರಲ್ಲಿ ಚಿಗುರ ಒಂದು ಎಸೆತ ಕಡಿಮೆ ಮಾಡಿ ಗೆದ್ದ. ಪಂದ್ಯದ ಹಿರಿಯನಾದ ಉಡಜ್ಜ ಅವನ ಕೊರಳಿಗೆ ಮುತ್ತುಗದ ಹಾರ ಹಾಕಿದ. ಎಲ್ಲರೂ ಕುಣಿದರು. ಸೂಜವ್ವನೂ ನಕ್ಕಳು, ಆದರೆ ಆ ಐದನೇ ಸದ್ದು ಅವಳ ಕಿವಿಯಲ್ಲೇ ಉಳಿದಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಕೆಂಚಿ ಎಂಬ ಅಳಿಲು ಸಿಕ್ಕಿದಳು.

"ಒಂದೇ ಒಂದು ಎಸೆತದಲ್ಲಿ ಸೋತೆಯಲ್ಲ, ಸೂಜಕ್ಕ."

"ಏಳನೇ ಮರದಲ್ಲಿ ಅವನದು ಐದಾಗಿತ್ತು, ನಾಲ್ಕು ಅಂದ" ಎಂದಳು ಸೂಜವ್ವ. "ಹೋಗಲಿ ಬಿಡು, ಯಾರಿಗೂ ಹೇಳಬೇಡ."

ಕೆಂಚಿ ಹೇಳಿದ್ದು ಒಬ್ಬರಿಗೆ ಮಾತ್ರ. ಅವರು ಇನ್ನಿಬ್ಬರಿಗೆ ಹೇಳಿದರು. ಮರುದಿನ ಬಿಸಿಲೇರುವ ಹೊತ್ತಿಗೆ ಕಾಡಿನಲ್ಲಿ ಆ ಮಾತು ಗೊತ್ತಿಲ್ಲದವನು ಚಿಗುರ ಒಬ್ಬನೇ.

ಅವನು ಬಿಲ್ಲೆ ಹಿಡಿದು ಕಾಡುಕೋಳಿಯ ಬಳಿಗೆ ಹೋದ. "ಒಂದಾಟ ಆಡೋಣವಾ?"

"ಇವತ್ತು ಕಾಲು ನೋವಪ್ಪ" ಎಂದಿತು ಕಾಡುಕೋಳಿ.

ಮುಂಗುಸಿಯನ್ನು ಕೇಳಿದ. "ನನಗೆ ಆಗಲೇ ಜೊತೆ ಸಿಕ್ಕಿದೆ" ಎಂದು ಅದು ಬೇರೆ ಕಡೆ ನೋಡಿತು.

ಸೂಜವ್ವನ ಬಿಲಕ್ಕೂ ಬಂದ. ಅವಳು ಒಳಗಿದ್ದೂ ಮಾತಾಡಲಿಲ್ಲ.

ಹೀಗೆ ದಿನ ಕಳೆಯಿತು, ವಾರ ಕಳೆಯಿತು. ಚಿಗುರ ಒಬ್ಬನೇ ಒಂಬತ್ತು ಮರಗಳನ್ನು ಸುತ್ತುತ್ತಿದ್ದ. ಎಸೆತವನ್ನು ತಾನೇ ಗಟ್ಟಿಯಾಗಿ ಎಣಿಸುತ್ತಿದ್ದ. ಅವನ ಕೊರಳಿನಲ್ಲಿದ್ದ ಹಾರ ಬಾಡಿತು. ಚೆನ್ನಾಗಿ ಎಸೆದಾಗ ತಿರುಗಿ ನೋಡುತ್ತಿದ್ದ. ಹಿಂದೆ ಯಾರೂ ಇರುತ್ತಿರಲಿಲ್ಲ.

ಕೊನೆಗೆ ಉಡಜ್ಜನ ಮುಂದೆ ಹೋಗಿ ನಿಂತ. "ಅಜ್ಜ, ನಾನೇನು ತಪ್ಪು ಮಾಡಿದೆ?"

ಉಡಜ್ಜ ಬಾಲ ಸರಿಸಿಕೊಂಡ. "ನಿನ್ನ ಲೆಕ್ಕದ ಬಗ್ಗೆ ಏನೋ ಮಾತಾಡಿಕೊಳ್ತಾರೆ, ಮಗ."

"ಯಾವ ಲೆಕ್ಕ? ಯಾವ ಮರದ್ದು?"

"ಅದು ನನಗೂ ಸರಿಯಾಗಿ ಗೊತ್ತಿಲ್ಲ."

ಯಾವ ಮರ ಎಂದು ಗೊತ್ತಿದ್ದರೆ ಚಿಗುರ ಉತ್ತರ ಹೇಳಬಹುದಿತ್ತು. ಯಾರೂ ಕೇಳದ ಪ್ರಶ್ನೆಗೆ ಏನೆಂದು ಹೇಳುವುದು? ಅವನು ಬಾಡಿದ ಹಾರವನ್ನು ಉಡಜ್ಜನ ಮುಂದಿಟ್ಟು, ಹಳ್ಳ ದಾಟಿ, ಆಚೆಯ ಬೋಳು ಗುಡ್ಡಕ್ಕೆ ಹೊರಟುಹೋದ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಸೂಜವ್ವ ಕೈ ಕುದುರಿಸಿಕೊಳ್ಳೋಣವೆಂದು ಏಳನೇ ಮರದ ಹತ್ತಿರ ಬಂದಳು. ಪೊದೆಯ ಆಚೆಗೆ ಬಿಲ್ಲೆ ಎಸೆದಳು. 'ಟಕ್' ಎಂದಿತು. ಅವಳು ಇನ್ನೂ ನಿಂತಲ್ಲೇ ನಿಂತಿದ್ದಳು, ಮತ್ತೊಮ್ಮೆ 'ಟಕ್' ಎಂದಿತು.

ಪೊದೆಯಲ್ಲಿ ನುಗ್ಗಿ ನೋಡಿದಳು. ಅಲ್ಲೊಂದು ಬೇಲದ ಮರ ಬಂಡೆಯ ಮೇಲೆ ಬಾಗಿಕೊಂಡಿತ್ತು. ಆಗತಾನೇ ಬಿದ್ದ ಕಾಯಿಯೊಂದು ಬಂಡೆಯಿಂದ ಉರುಳುತ್ತಿತ್ತು. ಸುತ್ತಲೂ ಹಿಂದೆ ಬಿದ್ದ ಕಾಯಿಗಳು ಒಡೆದು ಒಣಗಿದ್ದವು.

ಸೂಜವ್ವ ಅಲ್ಲೇ ಕುಳಿತುಬಿಟ್ಟಳು. ಆಮೇಲೆ ಎದ್ದು ಹಳ್ಳ ದಾಟಿದಳು.

ಗುಡ್ಡದ ಮೇಲೆ ಚಿಗುರ ಒಣಹುಲ್ಲು ತಿನ್ನುತ್ತಿದ್ದ. ಅವನ ಪಕ್ಕದಲ್ಲಿ ಬಿಲ್ಲೆ ಇರಲಿಲ್ಲ.

"ಚಿಗುರ, ಅವತ್ತು ಏಳನೇ ಮರದ ಹತ್ತಿರ ಬೇಲದ ಕಾಯಿ ಬಿತ್ತಾ?"

"ಬಿತ್ತು" ಎಂದ ಅವನು. "ನನ್ನ ಮೂರನೇ ಎಸೆತ ಆದಮೇಲೆ. ಇನ್ನು ಸ್ವಲ್ಪದರಲ್ಲಿ ತಲೆ ಒಡೆಯುತ್ತಿತ್ತು. ಯಾಕೆ?"

ಸೂಜವ್ವ ಎಲ್ಲವನ್ನೂ ಹೇಳಿದಳು. ಕೆಂಚಿಗೆ ಹೇಳಿದ್ದನ್ನೂ ಮುಚ್ಚಿಡಲಿಲ್ಲ.

ಚಿಗುರ ಹಿಡಿದಿದ್ದ ಹುಲ್ಲನ್ನು ಕೆಳಗಿಟ್ಟ. "ಅವತ್ತೇ ನನ್ನನ್ನು ಕೇಳಿದ್ದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ, ಸೂಜಕ್ಕ. ಕಾಯಿ ಅಲ್ಲೇ ಬಿದ್ದಿತ್ತು."

"ತಪ್ಪಾಯಿತು. ಎಲ್ಲರ ಮುಂದೆ ನಿಜ ಹೇಳುತ್ತೇನೆ. ವಾಪಸು ಬಾ."

"ಹೇಳು. ನನಗೆ ಅಷ್ಟು ಸಾಕು" ಎಂದ ಚಿಗುರ. "ಆದರೆ ನಾನು ಬರಲ್ಲ. ಇನ್ನು ಮೇಲೆ ನಾನು ನಾಲ್ಕು ಅಂದಾಗಲೆಲ್ಲ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಒಂದು ಕ್ಷಣ ನನಗೆ ಬೇಡ."

ಸೂಜವ್ವ ಕಾಡಿಗೆ ಮರಳಿ, ಎಲ್ಲರನ್ನೂ ಸೇರಿಸಿ, ನಡೆದದ್ದನ್ನು ಹೇಳಿದಳು. ಕಾಡುಕೋಳಿ, ಮುಂಗುಸಿ, ಉಡಜ್ಜ, ಎಲ್ಲರೂ ತಲೆ ತಗ್ಗಿಸಿದರು. ಗುಡ್ಡಕ್ಕೆ ಹೋಗಿ ಕರೆದರು ಕೂಡ. ಚಿಗುರ ಅವರ ಜೊತೆ ಚೆನ್ನಾಗಿಯೇ ಮಾತಾಡಿದ, ಹಳ್ಳದವರೆಗೆ ಬಂದು ಬೀಳ್ಕೊಟ್ಟ. ಹಳ್ಳ ಮಾತ್ರ ದಾಟಲಿಲ್ಲ.

ಮುಂದಿನ ವರ್ಷದ ಪಂದ್ಯದಲ್ಲಿ ಸೂಜವ್ವನಿಗೆ ಕೆಂಚಿ ಜೊತೆಯಾದಳು. ಮೂರನೇ ಮರ ಮುಗಿಸಿ ಕೆಂಚಿ, "ನನ್ನದು ಮೂರು" ಎಂದಳು.

ಸೂಜವ್ವ ಗೀರು ಎಳೆಯಲಿಲ್ಲ. "ನಾನು ನಾಲ್ಕು ಎಣಿಸಿದೆ, ಕೆಂಚಿ. ನನ್ನದೇ ತಪ್ಪಿರಬಹುದು. ಇಬ್ಬರೂ ಸೇರಿ ಒಂದು ಸಲ ನೋಡೋಣವಾ?"

ಕೆಂಚಿ ಬೆರಳು ಮಡಚಿದಳು. "ಕಲ್ಲಿನಿಂದ ಒಂದು, ಹುತ್ತದ ಹತ್ತಿರ ಒಂದು, ಬೇರಿನ ಹತ್ತಿರ... ಹೌದು, ಅಲ್ಲಿ ಎರಡು. ನಾಲ್ಕೇ, ಸೂಜಕ್ಕ. ಮರೆತಿದ್ದೆ."

ಇಬ್ಬರೂ ನಕ್ಕು ಮುಂದಿನ ಮರದ ಕಡೆ ನಡೆದರು. ಎಷ್ಟು ಸುಲಭದ ಮಾತಾಗಿತ್ತು ಅದು, ಎಂದುಕೊಂಡಳು ಸೂಜವ್ವ. ನಡೆಯುತ್ತಲೇ ಒಮ್ಮೆ ಹಳ್ಳದ ಆಚೆಯ ಗುಡ್ಡದ ಕಡೆ ತಿರುಗಿ ನೋಡಿದಳು.

ನೀತಿ: ಅನುಮಾನ ಬಂದರೆ ಆಗಲೇ, ಅಲ್ಲೇ, ಅವರನ್ನೇ ಕೇಳಬೇಕು, ಬೆನ್ನ ಹಿಂದೆ ಆಡಿದ ಮಾತನ್ನು ಆಮೇಲೆ ತಿದ್ದಿದರೂ ಕಳೆದುಕೊಂಡ ಗೆಳೆಯ ಮರಳಿ ಬರುತ್ತಾನೆಂಬ ಭರವಸೆಯಿಲ್ಲ.