ಬಾನೆಟ್ ಮೇಲಿನ ಹೆಬ್ಬೆರಳು

ಹಾಸನದಲ್ಲಿ ಕಿರುಕಾರುಗಳನ್ನು ಕಟ್ಟುವ ಒಂದು ಬಳಗವಿತ್ತು. ಸದಸ್ಯರು ನಾಲ್ವರು, ನಿಯಮಗಳು ಏಳು. ನಿಯಮಗಳನ್ನು ಚೊಕ್ಕ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅಂಟಿಸಿದ ಮೇಲೆ ಯಾರೂ ಆ ಕಡೆ ನೋಡಿರಲಿಲ್ಲ.

ಕಿರುಕಾರು ಎಂದರೆ ಅಂಗಡಿಯಲ್ಲಿ ಸಿಗುವ ಆಟಿಕೆ ಎಂದು ಮಕ್ಕಳು ತಿಳಿಯಬಾರದು. ನಿಜವಾದ ಕಾರನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ ಇಪ್ಪತ್ತನಾಲ್ಕರಿಂದ ಭಾಗಿಸಿ, ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಉಜ್ಜಿ, ಅಂಟಿಸಿ ಮಾಡುವ ಕಾರು ಅದು. ಅಂಗೈ ಮೇಲೆ ನಿಲ್ಲುತ್ತದೆ. ಅದರ ಬಾಗಿಲು ತೆರೆಯುತ್ತದೆ, ಚಕ್ರ ತಿರುಗುತ್ತದೆ. ಭಾಗಾಕಾರ ಬಾರದವರು ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಬಳಗದ ಯಜಮಾನರು ದಂತವೈದ್ಯ ಸುಧೀಂದ್ರ. ಅವರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲೇ ಎಲ್ಲರೂ ಸೇರುತ್ತಿದ್ದರು. ಹಲ್ಲು ಕೊರೆಯುವ ಹಳೆಯ ಯಂತ್ರದಿಂದ ಅವರು ಕಾರಿನ ಎಂಜಿನ್ ಕೊರೆಯುತ್ತಿದ್ದರು. ಹೊರಗೆ ಕುಳಿತ ರೋಗಿಗಳು ಆ ಸದ್ದು ಕೇಳಿ ಎದ್ದು ಹೋಗುವುದೂ ಇತ್ತು. ಎರಡನೆಯವರು ಇಸ್ಮಾಯಿಲ್ ಸಾಹೇಬರು. ಗ್ಯಾರೇಜಿನಲ್ಲಿ ನಲವತ್ತು ವರ್ಷ ನಿಜವಾದ ಕಾರುಗಳಿಗೆ ಬಣ್ಣ ಹೊಡೆದವರು. ಇಲ್ಲಿಯೂ ಬಣ್ಣದ ಕೆಲಸ ಅವರದೇ. ಮೂರನೆಯವರು ಸಣ್ಣಲಿಂಗಪ್ಪ. ಪೊಲೀಸ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಬೆರಳ ಗುರುತುಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಅವರು ಚಕ್ರ ಮತ್ತು ಟೈರುಗಳನ್ನು ಮಾಡುತ್ತಿದ್ದರು; ಉಳಿದ ಸಮಯದಲ್ಲಿ ಉಳಿದವರನ್ನು ತಿದ್ದುತ್ತಿದ್ದರು.

ನಾಲ್ಕನೆಯವಳು ದಾಕ್ಷಾಯಿಣಿ. ಮನೆಯಲ್ಲಿ ಕೋಡುಬಳೆ ಕರಿದು ಮದುವೆ ಮನೆಗಳಿಗೆ ಕೊಡುವವಳು. ಬಳಗಕ್ಕೆ ಬಂದು ಮೂರೇ ತಿಂಗಳಾಗಿತ್ತು. ಕಾರಿನ ಆಸನಗಳಿಗೆ ಬಟ್ಟೆ ಹೊದಿಸುವುದು ಅವಳ ಕೆಲಸ. ಹೊಲಿಗೆ ಎಷ್ಟು ಸಣ್ಣದೆಂದರೆ ಸುಧೀಂದ್ರ ಅದನ್ನು ಹಲ್ಲು ನೋಡುವ ಕನ್ನಡಿಯಲ್ಲಿ ನೋಡಬೇಕಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಬಾಣಲೆಯ ಮುಂದೆ ನಿಲ್ಲುವ ಅವಳಿಗೆ, ಕುಳಿತು ಮಾಡುವ ಕೆಲಸ ಇದೊಂದೇ. ಬರುವ ಮುಂಚೆ ಕಡಲೆಹಿಟ್ಟು ಹಚ್ಚಿ ಎರಡು ಸಲ ಕೈ ತೊಳೆಯುತ್ತಿದ್ದಳು. ಇದನ್ನು ಯಾರೂ ಗಮನಿಸಿರಲಿಲ್ಲ. ಅವಳ ಡಬ್ಬಿಯಲ್ಲಿ ಕೋಡುಬಳೆ ಎಷ್ಟಿವೆ ಎಂಬುದನ್ನು ಮಾತ್ರ ಎಲ್ಲರೂ ಗಮನಿಸುತ್ತಿದ್ದರು.

ಆ ವರ್ಷ ಬಳಗದವರು ಹಳೆಯ ಕಾಲದ ಕಪ್ಪು ಅಂಬಾಸಿಡರ್ ಕಾರನ್ನು ಕಟ್ಟಿದರು. ಒಂಬತ್ತು ತಿಂಗಳು ಹಿಡಿಯಿತು. ಹಿಂದಿನ ಆಸನದ ಬೆನ್ನಿಗೆ ದಾಕ್ಷಾಯಿಣಿ ಉಗುರಿನಷ್ಟು ಅಗಲದ ಬಿಳಿ ಟವೆಲ್ ಕೂಡ ಹಾಸಿದ್ದಳು. ಭಾನುವಾರ ಮೈಸೂರಿನಲ್ಲಿ ಕಿರುಮಾದರಿಗಳ ಪ್ರದರ್ಶನ. ಗುರುವಾರ ಬೆಳಿಗ್ಗೆ ಇಸ್ಮಾಯಿಲ್ ಸಾಹೇಬರು ಕೊನೆಯ ಬಣ್ಣ ಹೊಡೆದರು.

ಅವರದೊಂದು ಪದ್ಧತಿಯಿತ್ತು. ಕಾರಿಗೆ ಬಣ್ಣ ಹೊಡೆಯುವಾಗಲೇ ಒಂದು ಪ್ಲಾಸ್ಟಿಕ್ ಚಮಚಕ್ಕೂ ಅದೇ ಬಣ್ಣ ಹೊಡೆದು ಪಕ್ಕದಲ್ಲಿ ಇಡುತ್ತಿದ್ದರು. ಬಣ್ಣ ಒಣಗಿದೆಯೋ ಇಲ್ಲವೋ ಎಂಬ ಅನುಮಾನ ಬಂದವರು ಚಮಚವನ್ನು ಮುಟ್ಟಿ ನೋಡಬೇಕು. ಕಾರನ್ನು ಮುಟ್ಟಕೂಡದು. ಗೋಡೆಯ ಮೇಲಿನ ಆರನೆಯ ನಿಯಮವೇ ಇದು.

"ಶನಿವಾರ ಬೆಳಿಗ್ಗೆ ಹತ್ತು ಗಂಟೆವರೆಗೂ ಯಾರೂ ಮುಟ್ಟಬೇಡಿ," ಎಂದು ಸಾಹೇಬರು ಕಾರಿನ ಮೇಲೆ ಕೇಕಿನ ಡಬ್ಬ ಬೋರಲು ಹಾಕಿದರು. "ಕಪ್ಪು ಬಣ್ಣ ಬಹಳ ಚಾಡಿಕೋರ. ಯಾರು ಮುಟ್ಟಿದ್ರೂ ಹೇಳಿಬಿಡುತ್ತೆ."

"ಮುಟ್ಟಲಿ ನೋಡೋಣ," ಎಂದರು ಸಣ್ಣಲಿಂಗಪ್ಪ. "ನಾನಿಲ್ವೇನ್ರೀ?"

ಶನಿವಾರ ಹತ್ತು ಗಂಟೆಗೆ ನಾಲ್ವರೂ ಮೇಜಿನ ಸುತ್ತ ನಿಂತರು. ಸಾಹೇಬರು ಬಿಸ್ಮಿಲ್ಲಾ ಎಂದು ಡಬ್ಬ ಎತ್ತಿದರು. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಬಾನೆಟ್ಟಿನ ನಟ್ಟನಡುವೆ ಒಂದು ಹೆಬ್ಬೆರಳಿನ ಗುರುತು ಅಚ್ಚುಹೊಯ್ದಂತೆ ಕುಳಿತಿತ್ತು.

ನಾಲ್ವರೂ ಬಗ್ಗಿ ನೋಡಿದರು. ಆಮೇಲೆ ಎಲ್ಲರೂ ದಾಕ್ಷಾಯಿಣಿಯ ಕೈ ನೋಡಿದರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಕಣ್ಣುಗಳು ತಾವಾಗಿಯೇ ಆ ಕಡೆ ಹೋದವು.

"ಎಣ್ಣೆ ಬೆರಳು," ಎಂದರು ಸಣ್ಣಲಿಂಗಪ್ಪ. "ನನಗೆ ಭೂತಗನ್ನಡಿಯೂ ಬೇಡ. ಮೂವತ್ತೊಂದು ವರ್ಷದ ಸರ್ವೀಸು ಕಣಮ್ಮ ನಂದು."

"ನಾನು ಮುಟ್ಟಿಲ್ಲ ಸಾರ್," ಎಂದಳು ದಾಕ್ಷಾಯಿಣಿ. "ನಿನ್ನೆ ಬಟ್ಟೆ ತುಂಡು ತಗೊಂಡು ಹೋಗೋಕೆ ಬಂದಿದ್ದೆ. ಚಮಚ ಮುಟ್ಟಿದೆ. ಅದೂ ಎರಡೇ ಸಲ."

"ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳೋದು. ಒಬ್ಬ ಹೆಂಚು ತೆಗೆದು ಮನೆಗೆ ಇಳಿದಿದ್ದ. ಕೇಳಿದ್ರೆ, ನೀರು ಕುಡಿಯೋಕೆ ಬಂದೆ ಅಂದ."

"ಪರೀಕ್ಷೆ ಮಾಡದೆ ಹೇಳಬಾರದು," ಎಂದರು ಸುಧೀಂದ್ರ. ನ್ಯಾಯವಾದ ಮಾತು. ಅದನ್ನು ಅವರು ಬಹಳ ಮೆಲ್ಲಗೆ ಹೇಳಿದರು.

"ಮಾಡೋಣ. ಕಾನೂನು ಪ್ರಕಾರ ಮಾಡೋಣ. ಬಾನೆಟ್ ಮೇಲಿನ ಗುರುತು ಯಾರದ್ದೋ ಅವರು ಆರು ತಿಂಗಳು ಈ ಮೇಜಿನ ಹತ್ತಿರ ಸುಳೀಬಾರದು. ಒಪ್ಪಿಗೆಯಾ?"

ಎಲ್ಲರೂ ಒಪ್ಪಿದರು. ದಾಕ್ಷಾಯಿಣಿಯೂ ಒಪ್ಪಿದಳು. ತಪ್ಪು ಮಾಡದವರು ಬೇಗ ಒಪ್ಪಿಬಿಡುತ್ತಾರೆ.

ಸಣ್ಣಲಿಂಗಪ್ಪ ಆಸ್ಪತ್ರೆಯ ಮೊಹರಿನ ಶಾಯಿ ಡಬ್ಬಿ ತರಿಸಿದರು. ಔಷಧಿ ಚೀಟಿಗಳ ಹಿಂದೆ ಮೂವರ ಹತ್ತೂ ಬೆರಳುಗಳನ್ನು ಒತ್ತಿಸಿಕೊಂಡರು. ಶಾಯಿ ನೇರಳೆ ಬಣ್ಣದ್ದು, ಅದೂ ಸುಲಭವಾಗಿ ಹೋಗುವಂಥದ್ದಲ್ಲ.

"ಸಾರ್, ಸಂಜೆ ಮದುವೆ ಮನೆಗೆ ಇನ್ನೂರು ಕೋಡುಬಳೆ ಕೊಡಬೇಕು," ಎಂದಳು ದಾಕ್ಷಾಯಿಣಿ ಅಂಗೈ ನೋಡಿಕೊಂಡು. "ನೇರಳೆ ಕೋಡುಬಳೆ ಯಾರು ತಿಂತಾರೆ?"

"ಬೀಗರು ತಿಂತಾರೆ," ಎಂದರು ಇಸ್ಮಾಯಿಲ್ ಸಾಹೇಬರು. "ಬೀಗರಿಗೆ ಏನು ಕೊಟ್ರೂ ಹೆಸರಿಡೋದು ಇದ್ದದ್ದೇ."

ಸಣ್ಣಲಿಂಗಪ್ಪನವರು ನಗಲಿಲ್ಲ. ಭೂತಗನ್ನಡಿ ಹಿಡಿದು ಬಗ್ಗಿದರು. ಮೊದಲು ಸುಧೀಂದ್ರರ ಚೀಟಿ ನೋಡಿದರು. ಹೊಂದಲಿಲ್ಲ. ಸಾಹೇಬರ ಚೀಟಿ ನೋಡಿದರು. ಹೊಂದಲಿಲ್ಲ. ಗಂಟಲು ಸರಿಮಾಡಿಕೊಂಡು ದಾಕ್ಷಾಯಿಣಿಯ ಚೀಟಿಯನ್ನು ಬಾನೆಟ್ಟಿನ ಪಕ್ಕದಲ್ಲಿ ಹಿಡಿದರು.

ಅದೂ ಹೊಂದಲಿಲ್ಲ.

ಅವರು ಮತ್ತೆ ನೋಡಿದರು. ಈ ಸಲ ಚೀಟಿಯನ್ನು ಬಿಟ್ಟು ಬಾನೆಟ್ಟನ್ನೇ ನೋಡಿದರು. ಹೆಬ್ಬೆರಳಿನ ಸುತ್ತುಗೆರೆಗಳನ್ನು ಒಂದು ಸಣ್ಣ ಓರೆಗೆರೆ ಕತ್ತರಿಸಿಕೊಂಡು ಹೋಗಿತ್ತು. ಅಂಥ ಓರೆಗೆರೆಯನ್ನು ಅವರು ದಿನವೂ ನೋಡುತ್ತಿದ್ದರು. ಹೋದ ವರ್ಷ ಟೈರಿನ ಹಲ್ಲು ಕೊರೆಯುವಾಗ ಚಾಕು ಜಾರಿ, ಅವರ ಬಲಗೈ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದಿತ್ತು.

ಆಗ ಎಲ್ಲವೂ ನೆನಪಾಯಿತು. ಗುರುವಾರ ಸಂಜೆ ಅವರು ಈ ಕೋಣೆಗೆ ಬಂದಿದ್ದರು. ಯಾರಾದರೂ ಕಾರು ಮುಟ್ಟಿದ್ದಾರೆಯೇ ಎಂದು ನೋಡಲು ಬಂದಿದ್ದರು. ಡಬ್ಬ ಎತ್ತಿದ್ದರು. ಬೆಳಕು ಸಾಲದೆ ಕಾರನ್ನು ಕಿಟಕಿಯ ಕಡೆ ತಿರುಗಿಸಿದ್ದರು. ಯಾರೂ ಮುಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ಡಬ್ಬ ಮುಚ್ಚಿ, ನೆಮ್ಮದಿಯಿಂದ ಮನೆಗೆ ಹೋಗಿದ್ದರು. ತಾವು ಮುಟ್ಟಿದ್ದೂ ಮುಟ್ಟಿದ ಲೆಕ್ಕವೇ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಅದು ತಪಾಸಣೆಯಲ್ಲವೇ?

"ಏನಾಯ್ತು ಸಾರ್?" ಎಂದರು ಸುಧೀಂದ್ರ. "ನಮ್ಮ ಮೂವರದೂ ಅಲ್ವಾ? ಹಾಗಾದ್ರೆ ಹೊರಗಿನವರು. ಕಿಟಕಿ ತೆಗೆದಿತ್ತು. ಬೆಕ್ಕು ಗಿಕ್ಕು…"

"ಬೆಕ್ಕಿಗೆ ಇಷ್ಟು ದಪ್ಪ ಹೆಬ್ಬೆರಳು ಎಲ್ಲಿರುತ್ತೆ ಡಾಕ್ಟ್ರೇ?" ಎಂದರು ಸಾಹೇಬರು.

ಸಣ್ಣಲಿಂಗಪ್ಪ ಬಗ್ಗಿದವರು ಮೇಲೇಳಲಿಲ್ಲ. ಬೆರಳ ಗುರುತು ಓದಲು ಬರುತ್ತಿದ್ದುದು ಆ ಕೋಣೆಯಲ್ಲಿ ಅವರೊಬ್ಬರಿಗೇ. ಗುರುತು ಸ್ಪಷ್ಟವಾಗಿಲ್ಲ ಎಂದರೆ ಎಲ್ಲರೂ ನಂಬುತ್ತಿದ್ದರು. ಹೊರಗಿನವರದು ಎಂದರೂ ನಂಬುತ್ತಿದ್ದರು. ಮೂವತ್ತೊಂದು ವರ್ಷದ ಹೆಸರು ಹಾಗೆಯೇ ಉಳಿಯುತ್ತಿತ್ತು.

ತನ್ನ ಮೇಲೇ ಹೊರಿಸಲು ಅವರು ದಾರಿ ಹುಡುಕುತ್ತಿದ್ದಾರೆ ಎಂದು ದಾಕ್ಷಾಯಿಣಿ ಅರ್ಥ ಮಾಡಿಕೊಂಡಳು. ಸೂಜಿ, ದಾರ, ಬಟ್ಟೆ ತುಂಡುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು.

"ನನ್ನದೇ ಅಂತ ಬರ್ಕೊಂಡುಬಿಡಿ ಸಾರ್," ಎಂದಳು. "ನೀವು ನೋಡೋಕೆ ಮುಂಚೇನೇ ನನ್ನ ಕೈ ನೋಡಿಬಿಟ್ರಿ ಎಲ್ಲರೂ. ಇನ್ನು ನಾನು ಇಲ್ಲಿ ಕೂತ್ರೂ ಒಂದೇ, ಬಿಟ್ರೂ ಒಂದೇ. ಟವೆಲ್ ಸ್ವಲ್ಪ ಸೊಟ್ಟ ಇದೆ, ಚಿಮಟದಲ್ಲಿ ಸರಿ ಮಾಡ್ಕೊಳ್ಳಿ. ಕೈಯಲ್ಲಿ ಮುಟ್ಟಬೇಡಿ."

ಅವಳು ಬಾಗಿಲವರೆಗೆ ಹೋದಳು. ಸಣ್ಣಲಿಂಗಪ್ಪ ಮೇಲೆದ್ದರು.

"ನಿಂತ್ಕೊಳ್ಳಮ್ಮ," ಎಂದರು.

ಅವರು ತಮ್ಮ ಬಲಗೈ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿದರು. ಚೀಟಿಯ ಮೇಲೆ ಒತ್ತಿದರು. ಚೀಟಿಯನ್ನೂ ಭೂತಗನ್ನಡಿಯನ್ನೂ ದಾಕ್ಷಾಯಿಣಿಯ ಕೈಗೆ ಕೊಟ್ಟು, ತಾವು ಗೋಡೆಯ ಕಡೆ ತಿರುಗಿ ನಿಂತರು.

"ಈಗ ನೀನು ಪರೀಕ್ಷೆ ಮಾಡು. ಓರೆಗೆರೆ ನೋಡು."

ದಾಕ್ಷಾಯಿಣಿ ನೋಡಿದಳು. ಸಾಹೇಬರು ಅವಳ ಭುಜದ ಮೇಲಿಂದ ನೋಡಿದರು. ಸುಧೀಂದ್ರ ಸಾಹೇಬರ ಭುಜದ ಮೇಲಿಂದ ನೋಡಿದರು.

"ಯಾ ಅಲ್ಲಾ," ಎಂದರು ಸಾಹೇಬರು. "ಠಾಣೆಯಲ್ಲೇ ಕಳ್ಳತನ!"

ಆಗ ಸುಧೀಂದ್ರರ ಮುಖವೂ ಕೆಂಪಾಯಿತು. "ನಾನೂ… ಹಿಂದಿನ ಬಂಪರಿನ ಕೆಳಗೆ… ಕಿರುಬೆರಳಲ್ಲಿ… ಒಂದೇ ಒಂದು ಸಲ," ಎಂದರು. ಕಾರನ್ನು ತಿರುಗಿಸಿ ನೋಡಿದರು. ಕಿರುಬೆರಳು ಅಲ್ಲಿತ್ತು. ಅದರ ಪಕ್ಕದಲ್ಲಿ ಇನ್ನೊಬ್ಬರ ತೋರುಬೆರಳೂ ಇತ್ತು. ಇಸ್ಮಾಯಿಲ್ ಸಾಹೇಬರು ಛಾವಣಿ ನೋಡತೊಡಗಿದರು.

"ನಾನು ಬಣ್ಣ ಹೊಡೆದವನು," ಎಂದರು. "ನಂದು ಮುಟ್ಟಿದ್ದಲ್ಲ. ಯೋಗಕ್ಷೇಮ ವಿಚಾರಿಸಿದ್ದು."

ಚಮಚವನ್ನು ಬೆಳಕಿಗೆ ಹಿಡಿದರು. ಅದರ ಮೇಲೆ ಎರಡು ಪುಟ್ಟ ಗುರುತುಗಳಿದ್ದವು. ಎರಡೂ ದಾಕ್ಷಾಯಿಣಿಯವು. ಏಳು ನಿಯಮಗಳ ಆ ಬಳಗದಲ್ಲಿ ಆರನೆಯ ನಿಯಮವನ್ನು ಪಾಲಿಸಿದವಳು ಅವಳೊಬ್ಬಳೇ.

"ಮುಟ್ಟದವಳ ಮೇಲೆ ತಪ್ಪು ಹೊರಿಸಿದೆ," ಎಂದರು ಸಣ್ಣಲಿಂಗಪ್ಪ ಗೋಡೆಯ ಕಡೆಗೇ ಮುಖ ಮಾಡಿ. "ತಪ್ಪಾಯ್ತು ಕಣಮ್ಮ."

"ಗೋಡೆಗೆ ಯಾಕೆ ಹೇಳ್ತೀರಿ? ಇತ್ಲಾಗೆ ತಿರುಗಿ ಹೇಳಿ."

ಅವರು ತಿರುಗಿ ಹೇಳಿದರು.

"ಬಳಗಕ್ಕೆ ಬರೋದು ಬಿಡೋದು ನಾನು ಆಮೇಲೆ ಯೋಚನೆ ಮಾಡ್ತೀನಿ," ಎಂದಳು ದಾಕ್ಷಾಯಿಣಿ. "ಮೊದಲು ನಾಳೆಗೆ ಏನು ಮಾಡ್ತೀರಿ ಅದನ್ನ ಹೇಳಿ."

ಗುರುತನ್ನು ಉಜ್ಜಿ ತೆಗೆದು ಮತ್ತೆ ಬಣ್ಣ ಹೊಡೆದರೆ ಒಣಗಲು ಎರಡು ದಿನ ಬೇಕು. ಅಷ್ಟು ಸಮಯವಿರಲಿಲ್ಲ. ಬಂಪರಿನ ಕೆಳಗಿನ ಗುರುತುಗಳು ಹೊರಗೆ ಕಾಣುವಂತಿರಲಿಲ್ಲ. ಕೊನೆಗೆ ಬಾನೆಟ್ಟನ್ನು ಬಿಚ್ಚಿಟ್ಟು, ಎಂಜಿನ್ ತೆರೆದಂತೆಯೇ ಕಾರನ್ನು ಮೈಸೂರಿಗೆ ಒಯ್ಯುವುದೆಂದು ತೀರ್ಮಾನವಾಯಿತು.

ಪ್ರದರ್ಶನದಲ್ಲಿ ತೀರ್ಪುಗಾರರು ಬಂದರು. ಕನ್ನಡಕ ಏರಿಸಿ ನೋಡಿದರು. "ಕೆಲಸ ಅಚ್ಚುಕಟ್ಟಾಗಿದೆ. ಬಾನೆಟ್ ಎಲ್ಲಿ?" ಎಂದು ಕೇಳಿದರು.

"ಎಂಜಿನ್ ಕಾಣಲಿ ಅಂತ…" ಎಂದು ಸುಧೀಂದ್ರ ಬಾಯಿ ತೆರೆದರು.

"ಅಲ್ಲ," ಎಂದರು ಸಣ್ಣಲಿಂಗಪ್ಪ. "ಹಸಿ ಬಣ್ಣ ಮುಟ್ಟಿ ಕೆಡಿಸಿದವನು ನಾನು. ಬಿಚ್ಚಿಟ್ಟು ಬಂದಿದ್ದೀವಿ."

ತೀರ್ಪುಗಾರರು ಹತ್ತು ಅಂಕ ಕಳೆದು ಮುಂದೆ ಹೋದರು. ನಿಜ ಹೇಳಿದ್ದಕ್ಕೆ ಅಂಕ ಕೊಡುವ ಕಲಂ ಅವರ ಹಾಳೆಯಲ್ಲಿ ಇರಲಿಲ್ಲ. ಬಹುಮಾನ ಮಂಡ್ಯದವರ ಟ್ರಾಕ್ಟರಿಗೆ ಹೋಯಿತು.

ಬಂದವರೆಲ್ಲ ಅದನ್ನೇ ಕೇಳಿದರು. ಸಣ್ಣಲಿಂಗಪ್ಪ ಬೆಳಗಿನಿಂದ ಕಾರಿನ ಪಕ್ಕ ನಿಂತು ಅದನ್ನೇ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಎಂಟು ವರ್ಷದ ಒಬ್ಬ ಹುಡುಗಿ ಬಂದು ನಿಂತಳು.

"ಅಜ್ಜ, ಇದರ ಮುಚ್ಚಳ ಎಲ್ಲಿ?"

"ಬಣ್ಣ ಒಣಗೋ ಮುಂಚೆ ನಾನು ಮುಟ್ಟಿಬಿಟ್ಟೆ ಪುಟ್ಟಿ. ಕೆಟ್ಟುಹೋಯ್ತು."

"ಯಾಕೆ ಮುಟ್ಟಿದ್ರಿ?"

ಇದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಸಣ್ಣಲಿಂಗಪ್ಪ ಅತ್ತ ಇತ್ತ ನೋಡಿದರು. ಬೇರೆ ಉತ್ತರವಿರಲಿಲ್ಲ.

"ಬೇರೆ ಯಾರಾದರೂ ಮುಟ್ಟಿದ್ದಾರಾ ಅಂತ ನೋಡೋಕೆ."

ಹುಡುಗಿ ಒಂದು ಕ್ಷಣ ಅವರ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ನಗುತ್ತ ನಗುತ್ತ ಓಡಿಹೋಗಿ ಅಮ್ಮನನ್ನು ಕರೆತಂದು, "ಅಜ್ಜ, ಇನ್ನೊಂದ್ಸಲ ಹೇಳಿ," ಎಂದಳು. ಅವರು ಇನ್ನೊಂದು ಸಲ ಹೇಳಿದರು. ಅಮ್ಮನೂ ನಕ್ಕಳು. ಆಗ ಮೇಜಿನ ಹಿಂದೆ ಬಿಗಿದ ಮುಖದಲ್ಲಿ ಕುಳಿತಿದ್ದ ದಾಕ್ಷಾಯಿಣಿ ನೇರಳೆ ಬೆರಳುಗಳಿಂದ ಬಾಯಿ ಮುಚ್ಚಿಕೊಂಡು, ತಡೆಯಲಾಗದೆ, ನಕ್ಕುಬಿಟ್ಟಳು. ಕೊನೆಗೆ ಸಣ್ಣಲಿಂಗಪ್ಪನವರೂ ನಕ್ಕರು. ಅವರು ನಕ್ಕದ್ದನ್ನು ಬಳಗದವರು ಕಂಡದ್ದು ಅದೇ ಮೊದಲು.

ಸಂಜೆ ಬಸ್ಸಿನಲ್ಲಿ ಅವರು ಹೇಳಿದರು: "ಇವತ್ತಿನಿಂದ ಆರು ತಿಂಗಳು ನಾನು ಮೇಜಿಗೆ ಬರೋ ಹಾಗಿಲ್ಲ."

"ಹೌದು, ಬರೋ ಹಾಗಿಲ್ಲ," ಎಂದಳು ದಾಕ್ಷಾಯಿಣಿ. "ಆದರೆ ಮುಂದಿನ ಕಾರಿಗೆ ಚಕ್ರ ಬೇಕಲ್ಲ. ಹೊರಗೆ ಬೆಂಚ್ ಮೇಲೆ ಕೂತು ಮಾಡಿ. ಅಳತೆ ನಾನು ತಂದುಕೊಡ್ತೀನಿ."

ಹಾಗೆಯೇ ಆಯಿತು. ಆರು ತಿಂಗಳು, ಒಂದು ವಾರವೂ ತಪ್ಪದೆ, ಸಣ್ಣಲಿಂಗಪ್ಪ ಹಲ್ಲುನೋವಿನವರ ಸಾಲಿನಲ್ಲಿ ಕುಳಿತು ಟೈರು ಕೊರೆದರು. ಒಳಗೆ ಮೇಜಿನ ಬಳಿ ಅವರ ಕುರ್ಚಿಯಲ್ಲಿ ದಾಕ್ಷಾಯಿಣಿ ಕುಳಿತಳು. ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತಿದ್ದುದು ಅಲ್ಲಿಯೇ. ಪಕ್ಕದಲ್ಲಿ ಕುಳಿತ ರೋಗಿಗಳು, "ನಿಮಗೆ ಯಾವ ಹಲ್ಲು ಸ್ವಾಮಿ?" ಎಂದು ಕೇಳಿದರೆ, "ಹಲ್ಲಲ್ಲ, ಹೆಬ್ಬೆರಳು," ಎಂದು ಅವರು ಪೂರ್ತಿ ಕಥೆ ಹೇಳುತ್ತಿದ್ದರು.

ನೀತಿ: ಪರರ ಕೈಯಲ್ಲಿ ಕಲೆ ಹುಡುಕುವವನು ಮೊದಲು ತನ್ನ ಕೈ ನೋಡಿಕೊಳ್ಳಬೇಕು. ಕಾವಲುಗಾರನಿಗೂ ನಿಯಮ ಒಂದೇ. ತಪ್ಪಾದಾಗ ಅದನ್ನು ಗೋಡೆಗಲ್ಲ, ನೊಂದವರ ಮುಖ ನೋಡಿ ಒಪ್ಪಿಕೊಳ್ಳಬೇಕು. ಮತ್ತು ಹಸಿ ಬಣ್ಣವನ್ನು ಯಾವ ಕಾರಣಕ್ಕೂ ಮುಟ್ಟಬಾರದು.